ಇನ್ನೂರು ರೂಪಾಯಿಯ ಆಣೆ

ಸಾತಲಿಂಗಪ್ಪ ತನ್ನ ಬಾಯಿಂದಲೇ, ಊರೆಲ್ಲ ಕೇಳುವ ಹಾಗೆ, "ನನ್ನ ಭತ್ತಾ ನನಗ ಕೊಡ್ರಿ" ಎಂದು ಪಂಚಾಯತಿ ಸಭೆಯ ಭತ್ಯೆಯನ್ನು ಬೇಡಬೇಕು. ನೀಲಗಂಗಾಳಿಗೆ ಇದ್ದದ್ದು ಇದೊಂದೇ ಆಸೆ. ಬೋರಿಗೆ ನೀರು ಬೀಳಲಿ, ಮಗ ಸ್ವಪ್ನಿಲನಿಗೆ ಕನ್ಯೆ ಸಿಗಲಿ ಎಂದು ದೇವರಿಗೆ ಕೈಮುಗಿಯುವಾಗಲೂ ಕೊನೆಗೆ ಈ ಮಾತು ಸೇರಿಸದೆ ಆಕೆ ಗುಡಿಯ ಹೊಸ್ತಿಲು ದಾಟಿದವಳಲ್ಲ. ನಾಲ್ಕು ವರ್ಷ ಇದನ್ನೇ ಕೇಳಿ ಕೇಳಿ ಆ ದೇವರಿಗೂ ಸಾಕಾಗಿರಬೇಕು.

ಹೆಣ್ಣುಮಗಳಿಗೆ ಇಷ್ಟು ಹಗೆ ಒಳ್ಳೆಯದಲ್ಲ ಅನ್ನುವವರು ಇದ್ದಾರೆ. ಇರಲಿ. ಮೊದಲು ನಡೆದದ್ದನ್ನು ಕೇಳಿ, ಆಮೇಲೆ ಬುದ್ಧಿ ಹೇಳಲಿ.

ಬನ್ನಿಹಾಳ ಅಂದರೆ ವಳಸಂಗ ದಾಟಿ ಅಕ್ಕಲಕೋಟೆಯ ಕಡೆ ಹೋಗುವ ಎಸ್‌ಟಿ ಬಸ್ಸು ಡ್ರೈವರನ ಮನಸ್ಸು ಬಂದರೆ ನಿಲ್ಲುವ ಊರು. ಅಲ್ಲಿ ಹದಿನೈದು ವರ್ಷ ಸರಪಂಚನಾಗಿದ್ದವನು ಸಾತಲಿಂಗಪ್ಪ. ನಲವತ್ತು ಎಕರೆ ಹೊಲ, ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಹರಾಜು ಮಾಡಿಸುವ ಅಡತಿ ಅಂಗಡಿ, ಬಾಗಿಲಿಗೆ ಬಿಳಿ ಜೀಪು. ಊರಿಗೆ ಅವನೇ ಒಂದು ಪದ್ಧತಿ ಹಾಕಿದ್ದ. ಚುನಾವಣೆಯ ಫಲಿತಾಂಶ ಬಂದ ಸಂಜೆ ಗೆದ್ದವರೆಲ್ಲ ಮಲ್ಲಯ್ಯನ ಗುಡಿಗೆ ಬರಬೇಕು. ಅವನು ಮುಂದೆ ನಿಂತು ಎಲ್ಲರ ಕೈಯಲ್ಲೂ ಪತ್ರಿ-ಭಂಡಾರ, ಅಂದರೆ ಬಿಲ್ವಪತ್ರೆ ಮತ್ತು ದೇವರ ಅರಿಸಿನ, ಎತ್ತಿಸುತ್ತಾನೆ. "ಊರ ಸೇವಾ ಮಾಡತೀವಿ, ಭತ್ತಾದ ರೊಕ್ಕಾ ಮುಟ್ಟೂದಿಲ್ಲ" ಎಂದು ಎಲ್ಲರೂ ಆಣೆ ಮಾಡಬೇಕು. ಸದಸ್ಯರಿಗೆ ಸಭೆಗೆ ಇನ್ನೂರು ರೂಪಾಯಿ ಭತ್ಯೆ ಕೊಡಬೇಕೆಂದು ಕಾಯಿದೆ ಇದೆಯಲ್ಲ ಅಂದರೆ, ಇದೆ. ಬನ್ನಿಹಾಳದಲ್ಲಿ ಮಲ್ಲಯ್ಯ ಕಾಯಿದೆಗಿಂತ ದೊಡ್ಡವನು. ಭಂಡಾರ ಎತ್ತಿದ ಬಡವರು ಒಂದು ವರ್ಷ ಕೂಲಿ ಬಿಟ್ಟು ಸಭೆಗೆ ಬಂದು, ಎರಡನೇ ವರ್ಷ ಸುಸ್ತಾಗಿ, ಮೂರನೇ ವರ್ಷ ಆ ಕಡೆ ತಲೆ ಹಾಕುತ್ತಿರಲಿಲ್ಲ. ಉಂಡು ಮಿಕ್ಕವರು ಮಾತ್ರ ಸೇವೆ ಮಾಡುತ್ತ ಕುಳಿತರು. ಎಂಥ ಸೇವೆ ಅಂತೀರಿ, ಇಡೀ ಊರಿನಲ್ಲಿ ಡಾಂಬರು ಕಂಡದ್ದು ಸಾತಲಿಂಗಪ್ಪನ ಹೊಲದ ದಾರಿಯೊಂದೇ!

ನೀಲಗಂಗಾ ಮೊದಲ ಸಲ ಸದಸ್ಯೆಯಾದಾಗ ತಾನೂ ಎಲ್ಲರಂತೆ ಭಂಡಾರ ಎತ್ತಿದಳು. ಗಂಡ ನಾಗಣ್ಣ ತೀರಿಕೊಂಡು ಆಗ ವರ್ಷವಾಗಿತ್ತು. ನಾಲ್ಕು ಎಕರೆ ಹೊಲ, ಎರಡು ಎಮ್ಮೆ, ಮಗ ಸೊಲ್ಲಾಪುರದ ಟವೆಲ್ ಕಾರ್ಖಾನೆಯಲ್ಲಿ. ಸಭೆಯ ದಿನ ನೀರು ಹಾಯಿಸಲು, ಎಮ್ಮೆ ನೋಡಲು ಆಳು ಹಚ್ಚಬೇಕು. ಎರಡು ವರ್ಷ ಆಳಿನ ಕೂಲಿ ಕೈಯಿಂದ ಹಾಕಿದಳು. ಮೂರನೇ ವರ್ಷ ಗ್ರಾಮಸಭೆಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು. ಸಾತಲಿಂಗಪ್ಪ ಆಕೆಗೆ ಅಣ್ಣತಮ್ಮಕಿಯಲ್ಲಿ, ಅಂದರೆ ದಾಯಾದಿ ಸಂಬಂಧದಲ್ಲಿ, ಭಾವ, ಗಂಡನಿಗಿಂತ ಹಿರಿಯ. ಭಾವನ ಮುಂದೆ ದನಿ ಎತ್ತುವ ರೂಢಿ ಆ ಮನೆತನದಲ್ಲಿ ಇಲ್ಲ.

"ಭಾವಾರ, ಸಭಾಕ ಬಂದ ದಿನಾ ನನಗ ಆಳಿನ ಖರ್ಚ ಬೀಳತೈತಿ. ಕಾಯಿದೆ ಪರಮಾಣ ಭತ್ತಾ ಎಷ್ಟ ಐತಿ ಅಷ್ಟ ಕೊಡಸ್ರಿ" ಎಂದಳು.

ಸಾತಲಿಂಗಪ್ಪ ನಕ್ಕ. ಒಬ್ಬನನ್ನು ಅಂಗಡಿಗೆ ಅಟ್ಟಿ ಚೆಂಡುಹೂವಿನ ಮಾಲೆ ತರಿಸಿದ. ಅದಕ್ಕೆ ಇಪ್ಪತ್ತರ ಹತ್ತು ನೋಟು ಪಿನ್ನು ಹಚ್ಚಿಸಿ ಆಕೆಯ ಕೊರಳಿಗೆ ಹಾಕಿಸಿದ.

"ನಮ್ಮ ನಾಗಣ್ಣ ಜೀವಾ ಹೋದ್ರೂ ಯಾರ ಮುಂದೂ ಕೈ ಚಾಚಿದಾಂವಲ್ಲ. ಅವನ ಹೇಂತಿ ಪಂಚಾಯತಿಗಿ ರೋಜಗಾರಕ್ಕ ಬಂದಾಳ. ಪಗಾರ ಕೊಡ್ರಿ ಆಕೀಗಿ, ದೋನಶೆ!" ಎಂದ. ದೋನಶೆ ಅಂದರೆ ಮರಾಠಿಯಲ್ಲಿ ಇನ್ನೂರು.

ಊರು ಬಿದ್ದು ಬಿದ್ದು ನಕ್ಕಿತು. ಗಂಡಸರು ನಕ್ಕರು, ಅದಕ್ಕೇನಂತೆ. ಹೆಂಗಸರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಅಂದಿನಿಂದ ಆಕೆಯ ಹೆಸರೇ ಹೋಯಿತು. ಕಿರಾಣಿ ಅಂಗಡಿಯಲ್ಲಿ ದೋನಶೆ, ನೀರಿನ ಟಾಕಿಯ ಹತ್ತಿರ ದೋನಶೆ, ಮದುವೆಮನೆಗೆ ಹೋದರೆ "ದೋನಶೆ ಬಂದಾಳ, ಎಲಿ ಹಾಕ್ರಿ". ಸ್ವಪ್ನಿಲನಿಗೆ ಮಂಗಳವೇಢೆಯ ಕಡೆಯಿಂದ ಬಂದ ಬೀಗರು ಊರಬಾಗಿಲಲ್ಲಿ ನೀಲಗಂಗಾಳ ಮನೆ ಯಾವುದೆಂದು ಕೇಳಿದರೆ "ಯಾರು, ದೋನಶೆ ಏನು?" ಎಂದು ಕೇಳಿದವರಿದ್ದಾರೆ. ಬೀಗರು ಚಹಾ ಕುಡಿದು ಹೋದವರು ತಿರುಗಿ ಬರಲಿಲ್ಲ. ಇನ್ನು ಹೇಳಿ, ಹಗೆ ಒಳ್ಳೆಯದಲ್ಲವೆಂದು.

ಮುಂದಿನ ಚುನಾವಣೆಗೆ ಸರಪಂಚನ ಜಾಗ ಹೆಂಗಸರ ಪಾಲಿಗೆ ಬಂತು. ನೀಲಗಂಗಾ ನಿಂತಳು. ಅವಳಿಗಾಗಿ ಮನೆ ಮನೆ ತಿರುಗಿದವಳು ಅಕ್ಕನಾಗಮ್ಮ. ಇಬ್ಬರದೂ ಒಂದೇ ತವರೂರು. ಅಕ್ಕನಾಗಮ್ಮ ಐದು ವರ್ಷ ದೊಡ್ಡವಳು. ಇವಳ ಪಾಲಿಗೆ ಬಂದದ್ದು ಕಲ್ಲು ಬಿದ್ದ ಅರ್ಧ ಎಕರೆ, ಹೀಗಾಗಿ ಹೊಟ್ಟೆಗೆ ಕೂಲಿಯೇ ಗತಿ. ಕೂಲಿಯವರ ಓಣಿಯಿಂದ ಅವಳೂ ಸದಸ್ಯೆಯಾಗಿ ನಿಂತು ಗೆದ್ದಳು. ನೀಲಗಂಗಾ ನಲವತ್ತೊಂದು ಮತಗಳ ಅಂತರದಿಂದ ಸರಪಂಚಳಾದಳು. ಸಾತಲಿಂಗಪ್ಪ ತನ್ನ ವಾರ್ಡಿನಿಂದ ಬರೀ ಸದಸ್ಯನಾಗಿ ಉಳಿದ. ಬರೀ ಸದಸ್ಯ!

ಆದರೆ ಹಳೇ ಹುಲಿಯ ಹಲ್ಲು ಬಿದ್ದಿರಲಿಲ್ಲ. ಅಂದು ಸಂಜೆ ನೀಲಗಂಗಾ ಗುಡಿಗೆ ಹೋಗಲಿಲ್ಲ. ಅವನು ಉಳಿದ ಸದಸ್ಯರನ್ನೆಲ್ಲ ಕರೆದುಕೊಂಡು ಹೋಗಿ ಭಂಡಾರ ಎತ್ತಿಸಿದ. ಅಕ್ಕನಾಗಮ್ಮನೂ ಎತ್ತಿದಳು. ದೇವರ ಮುಂದೆ ನಿಲ್ಲಿಸಿ ಎತ್ತು ಅಂದರೆ ಒಲ್ಲೆ ಅನ್ನುವ ಎದೆ ಎಷ್ಟು ಜನಕ್ಕಿರುತ್ತದೆ? ಆ ಸೀಮೆಯಲ್ಲಿ ಆಣೆಗೆ ಒಂದು ಕಟ್ಟು ಇದೆ. ಹಾಕಿದವನೇ ಇಳಿಸಬೇಕು. ಯಾವುದನ್ನು ಮುಟ್ಟುವುದಿಲ್ಲ ಅಂದಿದ್ದನೋ ಅದನ್ನು ಅವನೇ ಮೊದಲು ನಾಲ್ಕು ಜನರ ಎದುರು ಮುಟ್ಟಬೇಕು, ಆಗ ಉಳಿದವರ ಕೊರಳಿನ ಹಗ್ಗ ಬಿಚ್ಚಿದಂತೆ. ಇಲ್ಲದಿದ್ದರೆ ಐದು ವರ್ಷವೂ ಕಟ್ಟು ಕಟ್ಟೇ.

ನೀಲಗಂಗಾ ಸರಪಂಚಳೆಂದು ಬರುವ ತಿಂಗಳ ಗೌರವಧನವನ್ನು ಎರಡು ಕೈಯಿಂದ ತೆಗೆದುಕೊಂಡಳು. ಆಮೇಲೆ ಸಾತಲಿಂಗಪ್ಪನ ಕಡೆ ತಿರುಗಿದಳು.

ಉಳ್ಳಾಗಡ್ಡಿ ಅಡತಿಯವನಿಗೆ ಬೆಳಗಿನ ಹೊತ್ತೇ ಬಂಗಾರ. ಲಿಲಾವು, ಅಂದರೆ ಹರಾಜು, ನಡೆಯುವುದು ಆಗಲೇ. ಮಾಲಕ ಕಟ್ಟೆಯ ಮೇಲೆ ನಿಂತಿದ್ದರೆ ಒಂದು ದರ, ಅಳಿಯ ನಿಂತಿದ್ದರೆ ಇನ್ನೊಂದು ದರ. ನೀಲಗಂಗಾ ಇದನ್ನು ಚೆನ್ನಾಗಿ ವಿಚಾರಿಸಿಕೊಂಡಳು. ಸೊಲ್ಲಾಪುರದಲ್ಲಿ ಲಿಲಾವು ಜೋರಾಗಿ ನಡೆಯುವ ದಿನವೇ, ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ, ಬನ್ನಿಹಾಳದಲ್ಲಿ ಸಭೆ. ತಿಂಗಳಿಗೆ ಒಂದಲ್ಲ, ಮೂರು, ಕೆಲವೊಮ್ಮೆ ನಾಲ್ಕು. ಬರದಿದ್ದರೆ ಆಯಿತಲ್ಲ ಅಂದೀರಿ. ಹೇಗೆ ಬಿಟ್ಟಾನು? ಪ್ರತಿ ಸಭೆಯ ಕೊನೆಯ ವಿಷಯ ಅವನ ಬಾಲಕ್ಕೆ ಬೆಂಕಿ ಹಚ್ಚುವಂಥದ್ದೇ ಇರುತ್ತಿತ್ತು. ಒಮ್ಮೆ ದಾರಿಗೆ ಚಾಚಿದ ಅವನ ದನದ ಕೊಟ್ಟಿಗೆ. ಒಮ್ಮೆ ಊರ ಟಾಕಿಯಿಂದ ಅವನ ಮನೆಗೆ ಹೋದ ಎರಡನೇ ಪೈಪು. ಅವನ ಕಡೆಯ ಸದಸ್ಯರು ಅವನಿಲ್ಲದೆ ಬಾಯಿ ತೆರೆಯುವವರಲ್ಲ. ಹೀಗಾಗಿ ಲಿಲಾವು ಅಳಿಯನ ಕೈಗೆ ಬಿಟ್ಟು, ಜೀಪು ಓಡಿಸಿಕೊಂಡು ಬಂದು, ಬೀದಿ ದೀಪ, ಗಟಾರು, ಅಂಗನವಾಡಿಯ ಕಿಟಕಿ ಎಲ್ಲ ಮುಗಿಯುವ ತನಕ ಬೆವರು ಒರೆಸುತ್ತ ಕೂರುತ್ತಿದ್ದ. ನೀಲಗಂಗಾ ಪ್ರತಿಯೊಂದನ್ನೂ ಎರಡೆರಡು ಸಲ ಓದಿಸುತ್ತಿದ್ದಳು.

"ನೀಲವ್ವ, ಲಗೂ ಮುಗಸು. ಪ್ಯಾಟಿಯಾಗ ಮಾಲ ಬಿದ್ದೈತಿ" ಎಂದು ಅವನು ಚಡಪಡಿಸಿದರೆ, "ಊರ ಸೇವಾ ಐತಲ್ರಿ ಭಾವಾರ. ಸೇವಾಕ ಎಂಥಾ ಲಗೂ?" ಎನ್ನುತ್ತಿದ್ದಳು.

ಆ ಸಂತೋಷ ನೋಡಬೇಕು! ಅವನು ಫೋನಿನಲ್ಲಿ ಅಳಿಯನಿಗೆ ಬೈಯುವುದು ಕೇಳಿಸಿದರೆ ಆಕೆ ಅಂದು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು. ಇನ್ನು ಸ್ವಲ್ಪ ದಿನ, ಈ ಮುದುಕ ತನ್ನ ಹಾಳಾದ ದಿನದ ಬೆಲೆ ತಾನೇ ಕೇಳುತ್ತಾನೆ, ಎಂದು ಕಾದಳು. ಅವನು ಕೇಳಲಿಲ್ಲ. ಬದಲಿಗೆ ಚಳಿಗಾಲ ಹತ್ತಿರ ಬಂದಂತೆ ಅವನ ಮುಖದಲ್ಲಿ ಒಂದು ಸಣ್ಣ ನಗೆ ಮೂಡಲು ಶುರುವಾಯಿತು. ನೀಲಗಂಗಾಳಿಗೆ ಅದರ ಅರ್ಥ ಆಗಲಿಲ್ಲ.

ಅರ್ಥ ಹೇಳಿದವನು ಪಂಚಾಯತಿಯ ಲೆಕ್ಕಪತ್ರ ನೋಡುವ ಗ್ರಾಮಸೇವಕ ಉದಯಕುಮಾರ. ಸೊಲ್ಲಾಪುರದಿಂದ ಮೋಟರ್‌ಸೈಕಲ್ ಮೇಲೆ ಬಂದು ಹೋಗುವ ಮನುಷ್ಯ. ಊರವರೆಲ್ಲ ಭಾವುಸಾಹೇಬ ಎನ್ನುತ್ತಾರೆ. ಡಿಸೆಂಬರಿನ ಕೊನೆಯ ಗುರುವಾರದ ಸಭೆಗೆ ನೋಟೀಸು ಹೋದ ಮೇಲೆ ಅವನು ಹಾಜರಿ ಪುಸ್ತಕ ತೆರೆದುಕೊಂಡು ಬಂದ.

"ಮ್ಯಾಡಂ, ಅಕ್ಕನಾಗಮ್ಮ ಜುಲೈದಿಂದ ಒಂದೂ ಸಭಾಕ ಬಂದಿಲ್ರಿ. ಈ ಗುರುವಾರ ಬರಲಿಲ್ಲಂದ್ರ ಆರು ತಿಂಗಳು ತುಂಬತಾವು. ಸದಸ್ಯತ್ವ ಹೋಗತೈತ್ರಿ. ಆ ಜಾಗಾಕ್ಕ ಸಾತಲಿಂಗಪ್ಪನವರು ತಮ್ಮ ಮನಷ್ಯಾನ್ನ ತಯಾರ ಇಟ್ಟಾರ."

ನೀಲಗಂಗಾ ಪುಸ್ತಕ ನೋಡಿದಳು. ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಕನಾಗಮ್ಮನ ಹೆಸರಿನ ಮುಂದೆ ಖಾಲಿ, ಖಾಲಿ, ಖಾಲಿ. ಅಷ್ಟೂ ಸಭೆ ತಾನೇ ನಡೆಸಿದ್ದು. ತನ್ನ ಕಣ್ಣು ಸಾತಲಿಂಗಪ್ಪನ ಬೆವರಿನ ಮೇಲೆಯೇ ಇತ್ತು, ಪಕ್ಕದ ಖುರ್ಚಿಯ ಕಡೆ ಹೋಗಿರಲೇ ಇಲ್ಲ. ಆಕೆಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಂದೇ ಸಂಜೆ ಅಕ್ಕನಾಗಮ್ಮನ ಮನೆಗೆ ಹೋದಳು. ಅಕ್ಕನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಾ ಅನ್ನಲಿಲ್ಲ.

"ಏನವಾ, ಸಭಾಕ ಯಾಕ ಬರವಲ್ಲಿ?" ಎಂದಳು ನೀಲಗಂಗಾ.

"ನಿನ್ನ ಸಭಾ ಹನ್ನೊಂದಕ್ಕ. ನನ್ನ ಕೆಲಸ ಮುಂಜಾನಿ ಆರಕ್ಕ. ಯಾವ ಹೊಟ್ಟಿ ಕಟಗೊಂಡ ಬರಲಿ ಹೇಳು" ಎಂದು ಅಕ್ಕನಾಗಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಒಗೆದಳು. "ತಿಂಗಳಿಗಿ ಒಂದ ಸಭಾ ಇದ್ರ ಹೆಂಗೋ ಬಂದೇನು. ನೀ ವಾರಕ್ಕೊಂದ ಇಡತಿ. ಯಾರ ಸಲುವಾಗಿ? ಅವನ್ನ ಉರಸಾಕ. ಆ ಸಾತಲಿಂಗಪ್ಪನೂ ನೀ ಸಭಾ ಇಟ್ಟ ದಿನಾನೇ ತನ್ನ ಹೊಲಕ್ಕ ನಮ್ಮ ಕೂಲಿ ಹೆಣ್ಣಾಳ ಟೋಳಿ ಕರಸತಾನ. ಬರಲಿಲ್ಲಂದ್ರ ಟೋಳಿಯಿಂದ ಹೆಸರ ತಗೀರಿ ಅಂತಾನ. ಕ್ವಾಣ ಕ್ವಾಣ ಗುದ್ದಾಡಿ ನಡಬರಕ ಗಿಡಾ ಮುರದುವಂತ. ಆ ಗಿಡಾ ನಾನು."

"ಒಂದ ದಿನದ ಕೂಲಿ ನಾ ಕೊಡತೀನಿ. ಗುರುವಾರ ಬಾ."

"ನಿನ್ನ ರೊಕ್ಕಾ ತಗೊಂಡ ಬಂದ್ರ ಸರಪಂಚಬಾಯಿ ಸದಸ್ಯಾಳ್ನ ಕೊಂಡಾಳ ಅಂತ ಅಂವ ಡಂಗುರ ಹೊಡಸತಾನ. ನಿನ್ನ ಮರ್ಯಾದಿ ಹಂಗಿರಲಿ, ನನ್ನದೂ ಐತಿ."

"ಹಂಗಾದ್ರ ಭತ್ತಾ ಬರಕೊಂಡ ತಗೋ! ಅದು ನಿನ್ನ ಹಕ್ಕಿನ ರೊಕ್ಕಾ."

"ಭಂಡಾರ ಎತ್ತೀನಿ ನೀಲವ್ವ! ನನ್ನ ಮನ್ಯಾಗ ಮೊಮ್ಮಕ್ಕಳ ಅದಾವು. ನಿನಗೇನು, ನೀ ಗುಡಿಗಿ ಬರಲಿಲ್ಲ, ನಿನಗ ತಿಂಗಳಾ ತಿಂಗಳಾ ಬ್ಯಾಂಕಿನ್ಯಾಗ ಬೀಳತೈತಿ. ನಮ್ಮನ್ನಷ್ಟ ಆ ಗುಡಿಯಾಗ ಬಿಟ್ಟಿ."

ಈ ಮಾತು ನೀಲಗಂಗಾಳ ಎದೆಗೆ ನಾಟಿತು. ನಿಜವಿದ್ದ ಮಾತು ನಾಟದೆ ಇರುತ್ತದೆಯೆ? ಒಲೆಯ ಮುಂದೆ ಕುಳಿತಳು. ಎದ್ದು ಹೋಗಬೇಕೆನ್ನಿಸಿತು, ಹೋಗಲಿಲ್ಲ. ಕುಳಿತಲ್ಲೇ ಸಾತಲಿಂಗಪ್ಪನ ನಗೆ ನೆನಪಾಯಿತು. ಹಾಗೆ ಕುದಿಯುತ್ತಲೇ ಒಂದು ಉಪಾಯ ಹೊಳೆಯಿತು.

"ಗುರುವಾರ ಟೋಳಿ ಯಾರ ಹೊಲಕ್ಕ?"

"ಮತ್ತ್ಯಾರ ಹೊಲಕ್ಕ? ಅವನದ. ಉಳ್ಳಾಗಡ್ಡಿ ಕೀಳೂದೈತಿ."

"ಬದಲಿ ಆಳ ಕಳಿಸಿದ್ರ ನಡೀತೈತೇನು?"

"ನಡೀತೈತಿ. ಮೈಯಾಗ ಹುಷಾರ ಇಲ್ಲದಾಗ ತಂಗೀನೋ ಮಗಳನ್ನೋ ಕಳಸತೀವಿ. ಉಳ್ಳಾಗಡ್ಡಿ ಸಾಲು ಖಾಲಿ ಬಿಡಬಾರ್ದು ಅಷ್ಟ. ನನಗ ಯಾರದಾರ ಕಳಸಾಕ?"

"ನಾ ಅದೀನಿ" ಎಂದಳು ನೀಲಗಂಗಾ.

ಅಕ್ಕನಾಗಮ್ಮನ ಕೈಯ ಹಿಟ್ಟು ಅಲ್ಲೇ ನಿಂತಿತು. ನೀಲಗಂಗಾ ತನ್ನ ಹೊಲದಲ್ಲಿ ಬಗ್ಗಿ ದುಡಿಯುವ ಹೆಂಗಸೇ. ಆದರೆ ಅಣ್ಣತಮ್ಮಕಿಯ ಮನೆಯ ಸೊಸೆ ಅಣ್ಣತಮ್ಮಕಿಯವರ ಹೊಲಕ್ಕೆ ಕೂಲಿಗೆ ಹೋಗುವುದು ಆ ಮನೆತನಗಳಲ್ಲಿ ನಡೆಯುವ ಮಾತಲ್ಲ. ಹೋದವಳಿಗೆ ಬಡತನದ ಹೆಸರು ಬರುತ್ತದೆ, ಕರೆದವನಿಗೆ ಅದಕ್ಕಿಂತ ಕೆಟ್ಟ ಹೆಸರು. ತಮ್ಮನ ವಿಧವೆಯನ್ನು ಆಳು ಮಾಡಿಕೊಂಡವನು ಎಂದು ಮೂರು ತಲೆಮಾರು ಅಂದಾಡುತ್ತಾರೆ. ನೀಲಗಂಗಾಳಿಗೆ ಬೇಕಾದದ್ದೂ ಅದೇ.

ಗುರುವಾರ ಬೆಳಗಿನ ಆರಕ್ಕೆ ಟೋಳಿಯನ್ನು ನಡೆಸುವ ಮುಕಾದಮಳಾದ ಲಕ್ಷ್ಮೀಬಾಯಿ ಹೆಣ್ಣಾಳುಗಳ ತಲೆ ಎಣಿಸುತ್ತಿದ್ದಳು. ಸೀರೆ ಕಚ್ಚೆ ಹಾಕಿ, ತಲೆಗೆ ಟವೆಲ್ ಸುತ್ತಿ, ಕುಡಗೋಲು ಹಿಡಿದು ಸರಪಂಚಬಾಯಿ ಸಾಲಿನಲ್ಲಿ ನಿಂತದ್ದು ನೋಡಿ ಅವಳ ಎಣಿಕೆ ತಪ್ಪಿತು.

"ಅಯ್ಯ, ನೀವ್ಯಾಕ್ರಿ ಬಾಯಾರ?"

"ಅಕ್ಕನಾಗಮ್ಮನ ಬದಲಿ. ಯಾವ ಸಾಲು ನನ್ನದು?"

ಮೊದಮೊದಲು ಹೆಂಗಸರು ಒಳಗೊಳಗೆ ನಕ್ಕರು. ಟೋಳಿಯ ಕೈ ಮಷೀನಿನಂತೆ ಓಡುತ್ತದೆ. ಹಿಡಿ ಹಿಡಿ ಕೀಳು, ಮಣ್ಣು ಕೊಡವು, ಸೊಪ್ಪು ಕೊಯ್ಯಿ, ಗುಂಪಿಗೆ ಹಾಕು. ನೀಲಗಂಗಾ ಹತ್ತು ಹೆಜ್ಜೆ ಹಿಂದೆ ಬಿದ್ದಳು. ಸೊಂಟ ಹಿಡಿಯಿತು, ಬೆರಳು ಸೀಳಿದವು, ಕಣ್ಣಲ್ಲಿ ನೀರು. ಆದರೂ ಸಾತಲಿಂಗಪ್ಪನ ಒಂದೊಂದು ಗಡ್ಡೆಯ ಕೊರಳಿಗೆ ಕುಡಗೋಲು ಹಾಕುವಾಗ ಆಕೆಗೆ ಆಗುತ್ತಿದ್ದ ಸುಖವನ್ನು ಏನೆಂದು ಹೇಳುವುದು! ಇದು ಮಾಲೆಗೆ, ಇದು ಮಂಗಳವೇಢೆಯ ಬೀಗರಿಗೆ, ಇದು ನನ್ನ ಗಂಡನ ಹೆಸರು ಎತ್ತಿದ್ದಕ್ಕೆ, ಎಂದು ಮನಸ್ಸಿನಲ್ಲೇ ಅನ್ನುತ್ತ ಒಂದು ಸಾಲು ಮುಗಿಸಿದಳು. ಎರಡನೇ ಸಾಲಿಗೆ ಲಕ್ಷ್ಮೀಬಾಯಿಯೇ ಪಕ್ಕದಲ್ಲಿ ಬಂದು ಕೈ ಹಚ್ಚಿದಳು. ಆಗ ನಗುವವರು ಯಾರೂ ಇರಲಿಲ್ಲ.

ಹತ್ತು ಗಂಟೆಯೊಳಗೆ ಸುದ್ದಿ ಊರು ತುಂಬಿತು. ಸರಪಂಚಬಾಯಿ ಸಾತಲಿಂಗಪ್ಪನ ಹೊಲದಲ್ಲಿ ಕೂಲಿ ಮಾಡುತ್ತಿದ್ದಾಳೆ! ಜನ ಬದುವಿನ ಮೇಲೆ ಸಾಲುಗಟ್ಟಿ ನಿಂತರು. ಅಣ್ಣತಮ್ಮಕಿಯ ಹಿರಿಯರು ಕೋಲು ಊರಿಕೊಂಡು ಬಂದರು, ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಥೂ, ಸಾತ್ಯಾ ಮನಿತನ ಮುಳಗಿಸಿದ" ಎಂದು ಒಬ್ಬ ಅಜ್ಜ ಎಲ್ಲರಿಗೂ ಕೇಳುವಂತೆ ಉಗಿದ. ನೀಲಗಂಗಾ ತಲೆ ಎತ್ತಲಿಲ್ಲ. ಅಜ್ಜನ ಮಾತು ಮಾತ್ರ ಚೆನ್ನಾಗಿ ಕೇಳಿಸಿಕೊಂಡಳು.

ಅತ್ತ ಪಂಚಾಯತಿಯಲ್ಲಿ ಏನಾಯಿತೆಂಬುದನ್ನು ಅಕ್ಕನಾಗಮ್ಮ ಆಮೇಲೆ ಹೇಳಿದಳು. ಹನ್ನೊಂದಕ್ಕೆ ಉಪಸರಪಂಚ ಸಭೆ ಶುರುಮಾಡಿದ. ಸಾತಲಿಂಗಪ್ಪ ಕಾಲಮೇಲೆ ಕಾಲು ಹಾಕಿಕೊಂಡು ಖಾಲಿ ಖುರ್ಚಿ ನೋಡುತ್ತಿದ್ದ. ಅಕ್ಕನಾಗಮ್ಮ ಒಗೆದ ಸೀರೆ ಉಟ್ಟುಕೊಂಡು ಒಳಗೆ ಬಂದು, ಸಹಿ ಹಾಕಿ, ಕುಳಿತಳು.

"ಏ, ಹೊಲದಾಗ ನಿನ್ನ ಸಾಲು ಯಾರ ಹಿಡದಾರ?" ಎಂದು ಅವನು ಗದರಿದ.

"ನಿಮ್ಮ ತಮ್ಮನ ಹೇಂತಿ" ಎಂದಳಂತೆ ಇವಳು.

ಅವನು ನಂಬಲಿಲ್ಲ. ಅಷ್ಟರಲ್ಲಿ ಫೋನು ಬಂತು, ಒಂದರ ಹಿಂದೆ ಒಂದು. ನಾಲ್ಕನೇ ಫೋನಿಗೆ ಜೀಪಿನ ಕೀಲಿ ಹಿಡಿದು ಎದ್ದ.

ಜೀಪು ಹೊಲದ ದಂಡೆಗೆ ಬಂದು ನಿಂತಿತು. ಹಿಂದೆಯೇ ಉದಯಕುಮಾರನ ಮೋಟರ್‌ಸೈಕಲ್, ಅದರ ಹಿಂದಿನ ಸೀಟಿನಲ್ಲಿ ಅಕ್ಕನಾಗಮ್ಮ. ಸಾತಲಿಂಗಪ್ಪ ಧೋತರ ಎತ್ತಿಕೊಂಡು ಸಾಲುಗಳ ನಡುವೆ ಬಂದ. ಮುಖ ಸುಟ್ಟ ಬದನೆಕಾಯಿ.

"ನೀಲವ್ವ, ಏಳು ಮ್ಯಾಲ. ಏನಿದು ನಾಟಕ?"

"ಹಿಂದಕ್ಕ ಸರೀರಿ ಭಾವಾರ, ಉಳ್ಳಾಗಡ್ಡಿ ತುಳಿಯಾಕತ್ತೀರಿ" ಎಂದಳು ನೀಲಗಂಗಾ, ಕೈ ನಿಲ್ಲಿಸದೆ.

"ನಮ್ಮ ಮನಿತನದ ಹೆಣ್ಣಮಗಳು ನನ್ನ ಹೊಲದಾಗ ಆಳ ಆಗೂದೇನು? ಜನಾ ನನ್ನ ಕೊರಳಿಗಿ ಏನ ಹಾಕ್ಯಾರು?"

"ಚೆಂಡಹೂವಿನ ಮಾಲಿ ಹಾಕ್ಯಾರು."

ಬದುವಿನ ಮೇಲೆ ಯಾರೋ ಕಿಸಕ್ಕೆಂದರು. ಅವನು ಆ ಕಡೆ ಕಣ್ಣು ಕೆಂಪು ಮಾಡಿದ. ಈ ಸಲ ಯಾರೂ ತಲೆ ತಗ್ಗಿಸಲಿಲ್ಲ.

ನೀಲಗಂಗಾ ಎದ್ದು ನಿಂತಳು. ಸೊಂಟ ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು. ಟವೆಲಿನ ಮೇಲೆ ಸೆರಗು ಎಳೆದುಕೊಂಡಳು. ಭಾವನ ಮುಂದೆ ತಲೆ ಮುಚ್ಚುವುದನ್ನು ಆಕೆ ಅಂದೂ ಬಿಡಲಿಲ್ಲ.

"ಇಲ್ಲಿ ಬಗ್ಗಿದ್ರ ದಿನಕ್ಕ ಮುನ್ನೂರ ಐತಿ. ಅಲ್ಲಿ ಊರ ಕೆಲಸಕ್ಕ ಕುಂತ್ರ ಏನೂ ಇಲ್ಲ. ನಿಮ್ಮ ಉಳ್ಳಾಗಡ್ಡಿಗಿ ಇದ್ದ ಕಿಮ್ಮತ್ತ ಊರ ಕೆಲಸಕ್ಕ ಇಲ್ಲೇನ್ರಿ? ಅಕ್ಕನಾಗಮ್ಮಗ ಸಭಾಕೂ ಹೋಗಬೇಕು, ಉಣ್ಣಲೂ ಬೇಕು. ಅದಕ್ಕ ಆಕೀ ಅಲ್ಲಿ, ನಾ ಇಲ್ಲಿ. ಪ್ರತಿ ಸಭಾಕ ಹಿಂಗ ಬರತೀನಿ. ಸಂಜಿಕ ಆಳಗಳ ಪಾಳೇದಾಗ ನಿಂತ ನಿಮ್ಮ ಕೈಲೇ ಕೂಲಿ ತಗೋತೀನಿ."

"ಆಕೀಗಿ ಏನ ಬೇಕೋ ನಾ ಕೊಡತೀನಿ. ನೀ ಮನಿಗಿ ನಡಿ ತಾಯಿ" ಎಂದ ಅವನು. ದನಿ ಇಳಿದಿತ್ತು.

"ನಿಮ್ಮ ಧರ್ಮದ ರೊಕ್ಕಾ ಯಾರಿಗಿ ಬೇಕಾಗೈತಿ? ಆಣಿ ಇಳಸ್ರಿ."

"ಇಳಿಸೀನಿ, ಹೋಗು."

"ಹಿಂಗ ಹೋಗು ಅಂದ್ರ ಇಳಿಯೂದಿಲ್ಲ, ನನಗಿಂತ ನಿಮಗ ಛಲೋ ಗೊತ್ತೈತಿ. ಹಾಕಿದಾಂವ ಮದಲ ಮುಟ್ಟಬೇಕು. ಭಾವುಸಾಹೇಬರು ಇಲ್ಲೇ ಅದಾರ, ಪುಸ್ತಕಾನೂ ಐತಿ. ನಿಮ್ಮ ಭತ್ತಾ ನೀವ ಕೇಳ್ರಿ."

ಸಾತಲಿಂಗಪ್ಪ ಸುತ್ತಲೂ ನೋಡಿದ. ಹಿರಿಯರು ಬೇರೆ ಕಡೆ ನೋಡುತ್ತಿದ್ದರು. ಟೋಳಿಯ ಹೆಂಗಸರು ಕುಡಗೋಲು ಹಿಡಿದೇ ನಿಂತಿದ್ದರು. ಅವನು ಗಂಟಲಲ್ಲೇ ಏನೋ ಗೊಣಗಿದ.

"ಕೇಳಸಲಿಲ್ರಿ ಮಾಲಕರ!" ಎಂದು ಲಕ್ಷ್ಮೀಬಾಯಿ ಹಿಂದಿನಿಂದ ಕೂಗಿದಳು.

"ನನ್ನ ಭತ್ತಾ" ಎಂದ ಅವನು. ನಿಂತ. ಮತ್ತೊಮ್ಮೆ ಹಿರಿಯರ ಕಡೆ ನೋಡಿದ. "ನನ್ನ ಭತ್ತಾ ನನಗ ಕೊಡ್ರಿ."

ಆಹಾ! ನೀಲಗಂಗಾಳ ಹೊಟ್ಟೆ ತಣ್ಣಗಾಯಿತು. ನಾಲ್ಕು ವರ್ಷ ಕಾದ ಮಾತು. ಕಿವಿಗೆ ಬಿದ್ದದ್ದು ಇನ್ನೊಮ್ಮೆ ಬೀಳಬಾರದೇ ಅನ್ನಿಸಿತು, ಅಷ್ಟು ಸವಿ. ಉದಯಕುಮಾರ ಮೋಟರ್‌ಸೈಕಲ್ಲಿನ ಸೀಟಿನ ಮೇಲೆ ಪುಸ್ತಕ ಇಟ್ಟು ಸಹಿ ಹಾಕಿಸಿಕೊಂಡ. ಸಾತಲಿಂಗಪ್ಪ ಇನ್ನೂರು ರೂಪಾಯಿ ಮುಟ್ಟಿದ. ಆಮೇಲೆ ಅಕ್ಕನಾಗಮ್ಮ ಸಹಿ ಹಾಕಿ ತನ್ನ ಇನ್ನೂರು ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. ಜೀಪು ತಿರುಗಿ ನೋಡದೆ ಹೋಯಿತು.

"ಇನ್ನ ಮನಿಗಿ ನಡಿ. ಉಳದ ಸಾಲು ನಾ ಹಿಡೀತೀನಿ" ಎಂದಳು ಅಕ್ಕನಾಗಮ್ಮ.

"ಬ್ಯಾಡ. ಹಿಡದ ಸಾಲು ನಾನ ಮುಗಸತೀನಿ" ಎಂದು ನೀಲಗಂಗಾ ಮತ್ತೆ ಬಗ್ಗಿದಳು. ಸಂಜೆ ಆಳುಗಳ ಸಾಲಿನಲ್ಲಿ ನಿಂತು ಕೂಲಿಯನ್ನೂ ತೆಗೆದುಕೊಂಡಳು. ಸಾತಲಿಂಗಪ್ಪ ಬಂದಿರಲಿಲ್ಲ, ಅಳಿಯ ಕೊಟ್ಟ. ಆ ಮುನ್ನೂರನ್ನು ಹಾಗೆಯೇ ಅಕ್ಕನಾಗಮ್ಮನ ಕೈಗೆ ಹಾಕಿ, "ಏನವಾ, ಹೆಂಗಾತು ಅವನ ಮಾರಿ? ನೋಡಿದಿಲ್ಲೊ?" ಎಂದು ನಕ್ಕಳು.

ಅಕ್ಕನಾಗಮ್ಮ ನಗಲಿಲ್ಲ.

"ಛಲೋ ಆತು" ಎಂದಳು. "ಆದ್ರ ನೀ ಏನ ಪ್ರತಿ ಸಭಾಕ ನನ್ನ ಸಾಲು ಹಿಡಿಯಾಕಿ ಅಲ್ಲ. ಇನ್ನಮ್ಯಾಲ ಇನ್ನೂರಕ್ಕ ನಾ ಮುನ್ನೂರ ಬಿಟ್ಟ ಬರಬೇಕು. ಆಗೂ ನನಗ ಲುಕ್ಸಾನ."

"ಅದು ಸರಕಾರದ ರೇಟ. ನನ್ನ ಕೈಯಾಗಿಲ್ಲ."

"ಸಭಾದ ವ್ಯಾಳೆ ನಿನ್ನ ಕೈಯಾಗೈತೆಲ್ಲ? ಸಂಜಿಕ ಇಡು. ಕೂಲಿನೂ ಸಿಗತೈತಿ, ಭತ್ತಾನೂ ಸಿಗತೈತಿ. ತಿಂಗಳಿಗಿ ಒಂದ ಸಾಕು."

ನೀಲಗಂಗಾಳ ನಗೆ ಅಲ್ಲೇ ಆರಿತು. ಸಂಜೆಗೆ ಲಿಲಾವು ಇರುವುದಿಲ್ಲ. ಸಂಜೆಗೆ ಸಾತಲಿಂಗಪ್ಪ ಅಂಗಡಿ ಮುಚ್ಚಿ, ಕೈಕಾಲು ತೊಳೆದು, ಹೊಟ್ಟೆ ತುಂಬ ಫರಾಳ ಮಾಡಿ, ಹಾಯಾಗಿ ಬಂದು ಕೂರುತ್ತಾನೆ. ಅವನ ಒಂದು ರೂಪಾಯಿಯೂ ಹಾಳಾಗುವುದಿಲ್ಲ. ಇವತ್ತಷ್ಟೇ ರಕ್ತದ ರುಚಿ ಹತ್ತಿದ ಕುಡಗೋಲನ್ನು ಇವತ್ತೇ ಕೆಳಗಿಡು ಅಂದರೆ?

"ಅವಗೂ ಅನಕೂಲ ಆಗತೈತಿ" ಎಂದಳು, ಹಲ್ಲು ಕಚ್ಚಿ.

"ಆಗಲಿ ಬಿಡು. ನಿನಗ ಅಂವ ಬೇಕೋ, ನಾ ಬೇಕೋ?" ಎಂದು ಅಕ್ಕನಾಗಮ್ಮ ಐದುನೂರು ರೂಪಾಯಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಜನವರಿಯ ಸಭೆಯ ನೋಟೀಸು ಬರೆಯಲು ಉದಯಕುಮಾರ ಪೆನ್ನು ಹಿಡಿದು ಕುಳಿತಾಗ ಹೊರಗೆ ಸಾತಲಿಂಗಪ್ಪನ ಉಳ್ಳಾಗಡ್ಡಿಯ ಟ್ರಕ್ಕು ಸೊಲ್ಲಾಪುರದ ಕಡೆ ಹೋಗುತ್ತಿತ್ತು. ದರ ಏರಿತ್ತು. ನೀಲಗಂಗಾ ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.

"ಯಾವಾಗಿನಂಗ ಏನ್ರಿ ಮ್ಯಾಡಂ? ಮುಂಜಾನಿ ಹನ್ನೊಂದು?" ಎಂದು ಅವನು ಕೇಳಿದ.

"ಸಂಜಿ ಆರೂವರಿ ಬರೀರಿ."

ಉದಯಕುಮಾರ ತಲೆ ಎತ್ತಿದ. "ಸಂಜಿಕ ಅಂದ್ರ ಸಾತಲಿಂಗಪ್ಪನವರಿಗಿ ಭಾಳ ಅನಕೂಲ ಆಗತೈತ್ರಿ."

"ಗೊತ್ತೈತಿ" ಎಂದು ನೀಲಗಂಗಾ ಸಿಡುಕಿದಳು. "ಬರೀರಿ ಅಂದಿನಿ."